ಮುಡಬಿ ರೂಟಿನ ಕಂಡಕ್ಟರ್ ಕಾಕಾ

ಹೋದ ತಿಂಗಳು ಒಂದು ಮುಂಜಾನೆ ಶಕೀಲಾಬಿಯ ಫೋನು ಬಂತು. ಮುಡಬಿಯಲ್ಲಿ ಅರ್ಧ ಎಕರೆ ಹೊಲ ಗುತ್ತಿಗೆಗೆ ಹಿಡಿದು ಮೆಂತೆ, ಕೊತ್ತಂಬರಿ ಬೆಳೆಯುವ ಹೆಣ್ಣುಮಗಳು ಆಕೆ. ನಾನು ಹುಮನಾಬಾದ್ ಬಿಟ್ಟು ಹುಬ್ಬಳ್ಳಿಗೆ ಬಂದ ಮೇಲೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಅವತ್ತು ಯಾವ ಹಬ್ಬವೂ ಇರಲಿಲ್ಲ. ಆಕೆಯ ದನಿ ಭಾರವಾಗಿತ್ತು.

"ಮೇಡಂ, ಕಂಡಕ್ಟರ್ ಕಾಕಾ ನಮಗ ಬಿಟ್ರು."

ಕೈಯಲ್ಲಿದ್ದ ಹಾಲಿನ ಪಾತ್ರೆ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ. ಏನು ಕೇಳಬೇಕೋ ತಿಳಿಯದೆ "ಯಾವಾಗ?" ಅಂದೆ.

"ನಿನ್ನಿ ಮುಂಜಾನಿ."

"ಆರಾಮ ಇರಲಿಲ್ಲೇನು?"

"ಮಣಕಾಲ ನೋವು ಇತ್ತಲ್ರಿ, ನಿಮಗ ಗೊತ್ತದ."

ಮೊಣಕಾಲು ನೋವಿಗೆ ಯಾರಾದರೂ ಹೋಗುತ್ತಾರೆಯೇ ಎಂದು ಆಗಲೂ ನನಗೆ ಹೊಳೆಯಲಿಲ್ಲ. "ಮಣ್ಣು ಯಾವಾಗ ಮಾಡಿದ್ರು?" ಎಂದು ಕೇಳಿದೆ.

ಶಕೀಲಾಬಿ ಚೀರಿದಳು. "ತೋಬಾ ತೋಬಾ! ಕಾಕಾ ಕೆಲಸ ಬಿಟ್ರು ಅಂದೆ ಮೇಡಂ! ಸಂಘದ ಶೆಡ್ಡಿನ ಚಾವಿ ನನ್ನ ಕೈಯಾಗ ಕೊಟ್ರು. ಈಗ ಬಾವಿ ಕಟ್ಟಿ ಮ್ಯಾಲ ಕುಂತು ಹಸಿ ಶೇಂಗಾ ತಿನ್ನಾಕತ್ತಾರ!"

ನಾನು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆಕೆಯೂ ನಕ್ಕಳು, ಮತ್ತೆ ಆ ಚಾವಿಯ ಜವಾಬ್ದಾರಿಯ ಭಯ ಹೇಳಿಕೊಂಡಳು. ಮನುಷ್ಯ ಬದುಕಿರುವಾಗಲೇ ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಎಂದು ಆ ಮುಂಜಾನೆಯೇ ಅನ್ನಿಸಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಆ ಕಡೆಯ ಜನಕ್ಕೆ ಗುರುತು ಸಿಗಲಿಕ್ಕಿಲ್ಲ. ಬಸವಕಲ್ಯಾಣದಿಂದ ಮುಡಬಿಗೆ ಹೋಗುವ ಸರಕಾರಿ ಬಸ್ಸಿನಲ್ಲಿ ಇಡೀ ನೌಕರಿ ಕಳೆದವರು ಅವರು. ಸುತ್ತಲಿನ ಹಳ್ಳಿಗಳ ಮಂದಿಗೆ ಕಂಡಕ್ಟರ್ ಕಾಕಾ ಅಂದರೆ ಸಾಕು.

ನಾನು ಅವರನ್ನು ಮೊದಲು ನೋಡಿದ್ದು ಹುಮನಾಬಾದಿನಲ್ಲಿ. ಹೈವೇ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಕೆಲಸ. ಹೈದರಾಬಾದಿನಲ್ಲಿ ಸಾಲುಸಾಲು ಅಂಗಡಿಗಳಿದ್ದ ಒಂದು ಕಂಪನಿ ಇಲ್ಲಿಯ ರೈತರಿಂದ ನೇರವಾಗಿ ಕಾಯಿಪಲ್ಯ ಕೊಳ್ಳಲು ತೆರೆದಿದ್ದ ಕೇಂದ್ರ ಅದು. ಕೃಷಿ ಓದಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ನೌಕರಿ. ಕೊಳ್ಳುವವಳೂ ನಾನೇ, ಆರಿಸುವವಳೂ ನಾನೇ, ಮಧ್ಯಾಹ್ನ ಲಾರಿ ಹತ್ತಿಸುವವಳೂ ನಾನೇ. ಬೆಂಡೆಕಾಯಿ ನೆಟ್ಟಗಿರಬೇಕು, ಬೆರಳಿಗಿಂತ ಉದ್ದ ಇರಬಾರದು, ತುದಿ ಮುರಿದರೆ ಟಕ್ ಅನ್ನಬೇಕು. ಬದನೆಯ ತೊಟ್ಟು ಹಸಿರಿರಬೇಕು. ಕೊತ್ತಂಬರಿಯ ಬೇರಿಗೆ ಮಣ್ಣು ಅಂಟಿರಬಾರದು. ಈ ಪಟ್ಟಿ ಹಿಡಿದುಕೊಂಡು ನಾನು ಕೂತಿರುತ್ತಿದ್ದೆ. ದೊಡ್ಡ ರೈತರಿಗೆ ಅವರವರ ಅಡತಿ ದಲ್ಲಾಳಿಗಳಿದ್ದರು, ನನ್ನ ಹತ್ತಿರ ಬರುವ ಗರಜು ಅವರಿಗಿರಲಿಲ್ಲ. ಸಣ್ಣವರು ಒಂದೊಂದು ಬುಟ್ಟಿ ಹೊತ್ತು ಬರುತ್ತಿದ್ದರು. ಅವರ ಕಣ್ಣೆದುರೇ ನಾನು ಡೊಂಕು ಕಾಯಿ, ಬಲಿತ ಕಾಯಿ ತೆಗೆದು ಪಕ್ಕಕ್ಕೆ ಹಾಕುತ್ತಿದ್ದೆ. ಅದನ್ನು ಅದೇ ಬುಟ್ಟಿಗೆ ತುಂಬಿಕೊಂಡು ಹೋದವರು ಮತ್ತೆ ಬರುತ್ತಿರಲಿಲ್ಲ. ಲಾರಿ ದಿನಾಲೂ ಮುಕ್ಕಾಲು ಖಾಲಿ ಹೋಗುತ್ತಿತ್ತು. ಹೀಗೇ ಆದರೆ ಕೇಂದ್ರ ಮುಚ್ಚುತ್ತೇವೆ ಎಂದು ಹೈದರಾಬಾದಿನ ಮ್ಯಾನೇಜರ್ ಸಾಹೇಬರು ಎರಡು ಸಲ ಹೇಳಿಯೂ ಆಗಿತ್ತು.

ಒಂದು ದಿನ ಎತ್ತರದ, ಸ್ವಲ್ಪ ಬಾಗಿದ ಒಬ್ಬರು ಬಸ್ಸಿಳಿದು ಬಂದರು. ನಿವೃತ್ತರಾಗಿ ವರ್ಷವಾಗಿದ್ದರೂ ಮೈಮೇಲೆ ಖಾಕಿ ಅಂಗಿ. ಕೈಯಲ್ಲಿ ಒಂದು ಗೋಣಿಚೀಲ. ನನ್ನ ಮೇಜಿನ ಮೇಲೆ ಅದರಿಂದ ಒಂದೊಂದೇ ತೆಗೆದಿಟ್ಟರು.

"ಇದು ಕೊಹಿನೂರ ಬೆಂಡಿಕಾಯಿ. ಇದು ಮುಡಬಿ ಮೆಂತಿ. ಈ ಹೀರಿಕಾಯಿ ಹಳ್ಳದ ದಂಡಿ ಮ್ಯಾಲ ನಾಲ್ಕೇ ಮನಿ ಬೆಳಿತಾರ. ನಿಮಗ ದಿನಾ ಏನ್ ಬೇಕು, ಎಷ್ಟು ಬೇಕು ಹೇಳ್ರಿ ಮೇಡಂ. ಎಲ್ಲಿ ಸಿಗ್ತದ ನಾ ಹೇಳ್ತೇನಿ."

"ನೀವು ರೈತರಾ?" ಎಂದು ಕೇಳಿದೆ.

"ಅರ್ಧ. ಹೊಲಾ ನಮ್ಮ ಮನಿಯಾಕಿ ಮಾಡ್ತಾಳ. ನಾ ಬಸ್ಸಿನ್ಯಾಗ ಇದ್ದವ."

ಅವರ ತಿಳಿವಳಿಕೆ ಎಲ್ಲಾ ಬಸ್ಸಿನಲ್ಲಿ ಬಂದದ್ದು. ಮುಂಜಾನೆಯ ಮೊದಲ ಟ್ರಿಪ್ಪಿಗೆ ಯಾವ ಸ್ಟಾಪಿನಲ್ಲಿ ಯಾರು ಯಾವ ಬುಟ್ಟಿ ಹತ್ತಿಸುತ್ತಾರೆ, ಯಾರ ಬದನೆಕಾಯಿ ಎಳೆಯದು, ಯಾರ ಬಾವಿಗೆ ಬೇಸಗೆಯಲ್ಲೂ ನೀರಿರುತ್ತದೆ, ಯಾವ ಮನೆಯಲ್ಲಿ ಸೊಸೆ ಬಂದ ಮೇಲೆ ಕೊತ್ತಂಬರಿ ಕಟ್ಟು ದಪ್ಪಗಾಯಿತು, ಎಲ್ಲಾ ಅವರಿಗೆ ಬಾಯಿಪಾಠ. ಕಲ್ಯಾಣದ ಪ್ಯಾಟಿಯಲ್ಲಿ ಆ ಹೆಂಗಸರು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತು, ಉಳಿದದ್ದನ್ನು ಸಿಕ್ಕ ಬೆಲೆಗೆ ಕೊಟ್ಟು, ಬಾಡಿದ ಮುಖ ಮಾಡಿಕೊಂಡು ಮತ್ತೆ ಇವರದೇ ಬಸ್ಸಿಗೆ ಹತ್ತುವುದನ್ನೂ ಅವರು ಅಷ್ಟು ವರ್ಷ ನೋಡಿದ್ದರು. "ಹೋಗೂ ಮುಂದ ಮಾತಾಡ್ತಿದ್ರು, ಬರೂ ಮುಂದ ಮಾತೇ ಆಡ್ತಿದ್ದಿಲ್ಲ. ನಂಗ ಆ ಎರಡನೇ ಟ್ರಿಪ್ಪು ಮಾಡೋದೇ ಬ್ಯಾಡ ಅನ್ನಸ್ತಿತ್ತು," ಎಂದು ಒಮ್ಮೆ ಹೇಳಿದ್ದರು.

ಅವರು ನನಗೆ ಹಾಕಿದ ಶರತ್ತು ಒಂದೇ. ಆರಿಸುವ ಕೆಲಸ ನನ್ನ ಶೆಡ್ಡಿನಲ್ಲಿ ನಡೆಯಬಾರದು, ಹೊಲದಲ್ಲೇ ಮುಗಿಯಬೇಕು. "ಇಲ್ಲಿ ತನಕ ಹೊತ್ತು ತಂದು, ನಾಲ್ಕು ಮಂದಿ ಎದುರಿಗೆ ಇದು ಬ್ಯಾಡ ಅನಿಸಿಕೊಂಡ್ರ ಯಾರು ಮತ್ತ ಬರ್ತಾರ ಹೇಳ್ರಿ? ನೀವು ಒಂದ ವಾರ ನಮ್ಮ ಹೊಲಕ್ಕ ಬರ್ರಿ. ಹ್ಯಾಂಗ ಆರಸಬೇಕು ಅವರ ಕೈಗೇ ಕಲಸ್ರಿ. ಡೊಂಕಾದದ್ದು ಕಲ್ಯಾಣದ ಪ್ಯಾಟಿಗೆ ಬ್ಯಾರೆ ಹೋಗ್ಲಿ."

ನಾನು ಹೋದೆ. ಕೊಹಿನೂರ, ಮುಡಬಿ, ನಡುವಿನ ವಸತಿಗಳು. ಹೆಂಗಸರು ನನ್ನನ್ನು ಚೆನ್ನಾಗಿ ಹಣ್ಣುಮಾಡಿದರು. "ಬೆಂಡಿ ಡೊಂಕ ಇದ್ರ ಸಾರಿನ ರುಚಿನೂ ಡೊಂಕ ಆಗ್ತದೇನ್ರಿ ಬಾಯಿ?" ಎಂದು ಶಕೀಲಾಬಿಯೇ ಮೊದಲು ಕೇಳಿದ್ದು. ಮರುವಾರ ಕಾಕಾ ಆಕೆಯನ್ನೂ ಇನ್ನೂ ಮೂವರನ್ನೂ ಬಸ್ಸಿನಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೊರಟರು. ನಾನೂ ಹೋದೆ. ದಾರಿಯುದ್ದಕ್ಕೂ ಅವರಿಗೆ ಸೀಟಿನಲ್ಲಿ ಕೂರಲು ಆಗಲಿಲ್ಲ. ಬಾಗಿಲ ಹತ್ತಿರ ನಿಂತು ಹತ್ತುವವರ ಗಂಟುಮೂಟೆ ಸರಿಮಾಡುವುದು, "ಒಳಗ ಸರೀರಿ, ಒಳಗ ಸರೀರಿ" ಅನ್ನುವುದು. ಆ ಬಸ್ಸಿನ ನಿಜವಾದ ಕಂಡಕ್ಟರ್ ಮೊದಲು ಸಿಟ್ಟಾದ, ಜಹೀರಾಬಾದ್ ದಾಟುವ ಹೊತ್ತಿಗೆ ನಗುತ್ತಾ ತನ್ನ ಸೀಟು ಬಿಟ್ಟುಕೊಟ್ಟ.

ಅಂಗಡಿಯಲ್ಲಿ ತಣ್ಣನೆಯ ಗಾಳಿ, ಬಿಳಿ ದೀಪ. ತರಕಾರಿಯ ಕಟ್ಟೆಯ ಎದುರು ಹೆಂಗಸರನ್ನು ನಿಲ್ಲಿಸಿ ಕಾಕಾ ಅಂದರು, "ಏನೂ ಮಾತಾಡಬ್ಯಾಡ್ರಿ. ಬರೇ ಗಿರಾಕಿ ಕೈ ನೋಡ್ರಿ." ಅರ್ಧ ಗಂಟೆ ನೋಡಿದರು. ಬಂದವರ ಕೈ ಮೊದಲು ನೆಟ್ಟಗಿನ ಕಾಯಿಗೇ ಹೋಗುತ್ತಿತ್ತು. ಡೊಂಕಿನದು ಕಟ್ಟೆಯ ಮೂಲೆಗೆ ಸರಿಯುತ್ತಾ ಹೋಗುತ್ತಿತ್ತು. ಒಬ್ಬ ಗಿರಾಕಿ ಬೆಂಡೆಕಾಯಿಯ ತುದಿ ಟಕ್ ಟಕ್ ಮುರಿದು ನೋಡಿ ಅಲ್ಲೇ ಬಿಸಾಡತೊಡಗಿದಾಗ ಶಕೀಲಾಬಿಗೆ ತಡೆಯಲಾಗಲಿಲ್ಲ. "ಏ ಸಾಬ್, ಮುರಿಬ್ಯಾಡ್ರಿ! ಯಾರೋ ಬಗ್ಗಿ ಬಗ್ಗಿ ಹರದಾರ!" ಎಂದು ಉರ್ದು ಮರೆತು ಕನ್ನಡದಲ್ಲೇ ಕೂಗಿದಳು. ಆ ಮನುಷ್ಯನಿಗೆ ಕನ್ನಡ ತಿಳಿಯದಿದ್ದರೂ ಕೈ ಹಿಂದಕ್ಕೆ ತೆಗೆದ. ಆಮೇಲೆ ಡೊಂಕಿನ ಪ್ರಶ್ನೆ ಯಾರೂ ಎತ್ತಲಿಲ್ಲ.

ಪಿಕಪ್ ಗಾಡಿಯೊಂದು ಬಾಡಿಗೆಗೆ ಗೊತ್ತಾಯಿತು. ಕಾಕಾ ಅದನ್ನು ಬಸ್ಸಿನ ಹಾಗೇ ನಡೆಸಿದರು. ಬೆಳಕು ಹರಿಯುವ ಹೊತ್ತಿಗೆ ಕೊಹಿನೂರಿನಿಂದ ಹೊರಡುವುದು, ಪ್ರತಿ ಹೊಲದ ಹಾದಿಯಲ್ಲಿ ಒಂದು ಸ್ಟಾಪು, ಸ್ಟಾಪಿಗೆ ಮೂರು ನಿಮಿಷ. ಸೀಟಿ ಊದಿದರೆ ಗಾಡಿ ಹೊರಟಿತು. ತಡವಾಗಿ ಓಡಿ ಬಂದವರಿಗೆ ಅವರು ಬೈಯುತ್ತಿರಲಿಲ್ಲ, ಗಾಡಿಯನ್ನೂ ನಿಲ್ಲಿಸುತ್ತಿರಲಿಲ್ಲ. "ನಿನ್ನ ಒಂದ ಬುಟ್ಟಿಗೆ ನಿಂತ್ರ ಮುಂದಿನ ಹತ್ತು ಬುಟ್ಟಿ ಬಾಡ್ತಾವ ನೋಡವ್ವ" ಎಂದು ಹಿಂದಕ್ಕೆ ತಿರುಗಿ ಹೇಳುತ್ತಾ ಹೋಗಿಬಿಡುತ್ತಿದ್ದರು. ಹಾಗೆ ಎರಡು ಸಲ ತಪ್ಪಿಸಿಕೊಂಡವರು ಮೂರನೇ ಸಲ ಗಾಡಿಗಿಂತ ಮೊದಲೇ ನಿಂತಿರುತ್ತಿದ್ದರು. ಆರು ತಿಂಗಳಲ್ಲಿ ನಲವತ್ತೊಂದು ಮನೆಗಳಾದವು, ಅವರದೇ ಒಂದು ಸಂಘ, ಕ್ರೇಟ್ ಇಡಲು ಒಂದು ಶೆಡ್ಡು ಆಯಿತು. ನನ್ನ ಲಾರಿ ತುಂಬಿತು.

ಒಂದು ತೊಂದರೆ ಇತ್ತು. ಯಾವ ಕ್ರೇಟ್ ಯಾರ ಹೊಲದ್ದು ಎಂದು ಹೈದರಾಬಾದಿನವರು ಕೇಳುತ್ತಿದ್ದರು. ಚೀಟಿ ಬರೆದು ಕಟ್ಟಿದರೆ ಸೊಪ್ಪಿನ ನೀರಿಗೆ ಶಾಯಿ ಕರಗಿ ಹೋಗುತ್ತಿತ್ತು. ಕಾಕಾ ಅದಕ್ಕೊಂದು ಉಪಾಯ ಮಾಡಿದರು. ಟಿಕೆಟ್ ಕೊಡುವ ಮಷೀನು ಬರುವ ಮೊದಲು ಟಿಕೆಟ್ಟಿಗೆ ತೂತು ಹಾಕಲು ಕಂಡಕ್ಟರುಗಳ ಹತ್ತಿರ ಒಂದು ಪಂಚ್ ಇರುತ್ತಿತ್ತಲ್ಲ, ಅಂಥದ್ದೊಂದು ಅವರ ಮನೆಯಲ್ಲಿ ಉಳಿದಿತ್ತು. ಮದುವೆ ಆಮಂತ್ರಣದ ಹಳೆಯ ಕಾರ್ಡುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಪ್ರತಿ ಮನೆಗೂ ಬೇರೆ ಬೇರೆ ಜಾಗದಲ್ಲಿ ತೂತು ಹಾಕಿ ಕ್ರೇಟಿಗೆ ಕಟ್ಟತೊಡಗಿದರು. ಕಾರ್ಡು ತೊಯ್ದರೂ ತೂತು ಅಳಿಸುವುದಿಲ್ಲ. ಯಾವ ತೂತು ಯಾರ ಮನೆ ಎಂಬುದು ಮಾತ್ರ ಅವರ ತಲೆಯಲ್ಲೇ ಇತ್ತು. "ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಕಾಕಾ" ಎಂದು ನಾನು ಹೇಳಿದಾಗಲೆಲ್ಲ "ಬರಿತೇನ್ರಿ, ಬರಿತೇನಿ" ಅನ್ನುತ್ತಿದ್ದರು. ಬರೆಯಲಿಲ್ಲ.

ಮರುವರ್ಷ ಮೆಣಸಿನಕಾಯಿ ಹಂಗಾಮಿನಲ್ಲಿ ಆ ಕೆಟ್ಟ ಫೋನು ಬಂತು.

ಕಂಪನಿಯವರು ಆಗಾಗ ಒಂದೊಂದು ಕ್ರೇಟಿನಿಂದ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಿದ್ದರು. ನಮ್ಮ ಕಡೆಯ ಹಸಿಮೆಣಸಿನಕಾಯಿಯ ಒಂದು ಮಾದರಿಯಲ್ಲಿ ಕೀಟನಾಶಕ ಮಿತಿ ಮೀರಿ ಸಿಕ್ಕಿತ್ತು. ಅದು ಕಾಯಿಪಲ್ಯಕ್ಕೆ ಹೊಡೆಯಲೇಬಾರದ ಔಷಧಿ. ಸಾಹೇಬರು ಸಿಟ್ಟಿನಲ್ಲಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾಳೆಯಿಂದ ಮುಡಬಿ ಕಡೆಯ ಮಾಲು ಬಂದ್. ಯಾರದೆಂದು ಗೊತ್ತಾದರೆ ಉಳಿದವರ ವಿಚಾರ ಮಾಡುತ್ತೇವೆ, ಗೊತ್ತಾಗದಿದ್ದರೆ ಎಲ್ಲರನ್ನೂ ಕೈಬಿಡುತ್ತೇವೆ ಎಂದರು. ಆ ಕ್ರೇಟಿನ ಚೀಟಿಯ ಫೋಟೋ ಫೋನಿಗೆ ಬಂತು. ಕೆಂಪು ಕಾರ್ಡಿನ ತುಂಡು, ಮೂರು ತೂತು.

ಕಾಕಾನನ್ನು ಕರೆಸಿದೆ. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಫೋಟೋ ದೊಡ್ಡದು ಮಾಡಿ ತೋರಿಸು ಅಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

"ಇದು ನಮ್ಮದೇ ಅದ ಯವ್ವಾ."

ಜನರೆದುರು ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು. ಯಾರೂ ಇಲ್ಲದಾಗ ಯವ್ವಾ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರ ಬಾವಿಯ ಪಕ್ಕ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಒಂದಿಷ್ಟು ಮೆಣಸಿನಗಿಡ ಹಾಕಿದ್ದಳು. ಎಲೆ ಮುಟುರು ಬಿದ್ದಿವೆ, ಸುರುಟಿಕೊಂಡಿವೆ ಎಂದು ಹದಿನೈದು ದಿನದ ಹಿಂದೆ ಅವರೇ ಹೇಳಿದ್ದು ನೆನಪಾಯಿತು.

ಆಮೇಲೆ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ. ನೌಕರಿಯ ಭಯ, ಅವರ ಮೇಲಿನ ಮಮತೆ, ಎರಡೂ ಕೂಡಿ ಆಡಿಸಿದ ಮಾತು. ಸಂಘದಲ್ಲಿದ್ದ ಒಬ್ಬ ರೈತ ಹೋದ ವಾರವಷ್ಟೇ ನಮ್ಮನ್ನು ಬಿಟ್ಟು ಅಡತಿಯ ಕಡೆ ಹೋಗಿದ್ದ. ನಾನಂದೆ, "ಕಾಕಾ, ಈ ತೂತು ನಿಮ್ಮನ್ನು ಬಿಟ್ಟು ಯಾರಿಗೂ ಓದಲು ಬರುವುದಿಲ್ಲ. ಇದು ಅವನದು ಅಂದುಬಿಡೋಣ. ಹೆಂಗೂ ಹೋಗಿದ್ದಾನೆ. ಅವನಿಗೂ ನಷ್ಟವಿಲ್ಲ, ಎಲ್ಲರೂ ಉಳೀತಾರೆ."

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ. ಬಸ್ಸಿನಲ್ಲಿ ತಪ್ಪು ಊರಿಗೆ ಟಿಕೆಟ್ ಕೇಳಿದವರನ್ನು ನೋಡುವ ಹಾಗೆ ನೋಡಿದರು.

"ಅಂವ ನಾಳಿ ತಿರುಗಿ ಬರ್ತೇನಿ ಅಂದ್ರ ಅಂವಗ ಏನ್ ಹೇಳ್ತಿ?"

ನಾನು ತಲೆ ತಗ್ಗಿಸಿದೆ.

"ಫೋನ್ ಹಚ್ಚು. ನಾನೇ ಮಾತಾಡ್ತೇನಿ."

ಮಾತಾಡಿದರು. ಹೈದರಾಬಾದಿ ಉರ್ದು ಅವರಿಗೆ ಸಲೀಸು. "ಸಾಬ್, ಗಲತಿ ನಂದು. ಚೀಟಿ ಹಾಕಿದವನೂ ನಾನು, ಹೊಲಾನೂ ನಂದು" ಎಂಬ ಅರ್ಥದ ಎರಡು ಮಾತು ಹೇಳಿ, ಉಳಿದ ಮೂವತ್ತೊಂಬತ್ತೂ ಮನೆಯ ಮಾಲು ಪರೀಕ್ಷೆ ಮಾಡಿಸಿ ನೋಡಿ ಎಂದು ಕೇಳಿಕೊಂಡರು. ಆ ಕಡೆಯಿಂದ ಏನು ಉತ್ತರ ಬಂತೋ, "ಜೀ, ಜೀ" ಅಂದು ಫೋನು ನನಗೆ ಕೊಟ್ಟರು. ವರದಿ ಬರುವವರೆಗೆ ಯಾರ ಮಾಲೂ ಬೇಡ, ವರದಿ ಚೊಕ್ಕ ಬಂದರೆ ನೋಡೋಣ ಎಂದು ಸಾಹೇಬರು ಹೇಳಿದರು.

ಅವತ್ತೇ ಮಧ್ಯಾಹ್ನ ಕೊಹಿನೂರಿಗೆ ಹೋದೆವು. ಮನೆಗೆ ಹೋದಾಗ ಕಾಕು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕಾಕಾ ಕೇಳಿದರು, "ಮೆಣಸಿನ ಗಿಡಕ್ಕ ಏನಾರ ಹೊಡದೀದಿ?"

"ತೊಗರಿಗೆ ತಂದ ಎಣ್ಣಿ ಉಳದಿತ್ತು, ಅದನ್ನೇ ಹೊಡದೆ. ಎಲಿ ಎಲ್ಲಾ ಮುಟುರು ಬಿದ್ದಿದ್ದು." ಎಣ್ಣಿ ಅಂದರೆ ಆ ಕಡೆ ಔಷಧಿ.

"ಅದು ಕಾಯಿಪಲ್ಯಕ್ಕ ಹೊಡಿಬಾರದು ಅಂತ ಸಂಘದಾಗ ಎಷ್ಟ ಸಲ ಹೇಳೀನಿ!"

ಕಾಕು ಮೊರವನ್ನು ಕೆಳಗಿಟ್ಟಳು. "ಯಾರಿಗಿ ಹೇಳೀರಿ? ನನಗ ಹೇಳೀರೇನು? ನಲವತ್ತು ಮನಿಗಿ ಹೋಗಿ ಹೇಳ್ತೀರಿ. ನನ್ನ ಹೊಲದಾಗ ಕಾಲಿಟ್ಟು ಎಷ್ಟ ದಿನಾ ಆತು? ಎಲಿ ಮುಟುರು ಬಿದ್ದಾವ ಅಂತ ನಾನೇ ಬಾಯಿಬಿಟ್ಟು ಹೇಳಿದಾಗ ಏನಂದ್ರಿ? ಹೂಂ ಅಂದು ಗಾಡಿ ಹತ್ತಿ ಹೋದ್ರಿ!"

ಕಾಕಾ ಬಾಗಿಲ ಕಂಬಕ್ಕೆ ಕೈಕೊಟ್ಟು ನಿಂತರು. ತಮ್ಮ ನೌಕರಿಯುದ್ದಕ್ಕೂ ಸಾವಿರ ಜನರ ಬೈಗುಳ ಕೇಳಿದವರು ಅವರು. "ಖರೆ ಅದ" ಅಂದರು. "ನಿಂದೇನೂ ತಪ್ಪಿಲ್ಲ." ನಾನು ಅವರ ಮನೆಯಲ್ಲಿ ಕೇಳಿದ ಮಾತುಗಳಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ. ಕಾಕು ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡಳು. ಏನು ಅನಾಹುತವಾಗಿದೆ ಎಂದು ನಾನು ತಿಳಿಸಿ ಹೇಳಿದ ಮೇಲೆ ಆಕೆ ಎದ್ದು ಹೋಗಿ, ಮೆಣಸಿನಗಿಡ ಒಂದೂ ಬಿಡದೆ ಕಿತ್ತಳು. ಕಾಕಾ ಕೂಡ ಪಕ್ಕದ ಸಾಲಿನಲ್ಲಿ ಬಗ್ಗಿ ಕಿತ್ತರು.

ಮರುದಿನ ಮುಂಜಾನೆ ಸಂಘದ ಮಂದಿ ಸೇರಿದರು. ಕಾಕಾ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಂಡತಿಯ ಹೆಸರೆತ್ತಲಿಲ್ಲ, "ನಮ್ಮ ಹೊಲದಾಗ ಆಗ್ಯಾದ, ನಾ ನೋಡಿಲ್ಲ" ಅಂದರು. ಒಬ್ಬ ಗೊಣಗಿದ. "ನಮಗೆಲ್ಲಾ ಕಾಯ್ದೆ ಹೇಳ್ತಿದ್ರಲ್ಲ ಕಾಕಾ, ಈಗ ನಮ್ಮ ಕಾಯಿ ಯಾರ ತಗೊಂತಾರ?" ಕಾಕಾ ಒಪ್ಪಿಕೊಂಡರು. ನಾನು ಬಿಡ್ತೇನಿ, ಬೇರೆ ಯಾರಾದರೂ ಗಾಡಿ ನೋಡಿಕೊಳ್ಳಲಿ ಎಂದರು. ಯಾರೂ ಮುಂದೆ ಬರಲಿಲ್ಲ. ಆಗ ಹಿಂದೆ ಕೂತಿದ್ದ ಕಾಕು ಎದ್ದಳು. ಸಂಘದ ಸಭೆಗೆ ಆಕೆ ಬಂದದ್ದು ಅದೇ ಮೊದಲು.

"ಎಣ್ಣಿ ಹೊಡದಾಕಿ ನಾನು. ಗೊತ್ತಿದ್ದಿಲ್ಲ, ಹೊಡದೆ. ನಿಮ್ಮ ಮನ್ಯಾಗ ಹೊಲಾ ಮಾಡೋರು ಯಾರು, ಸಭಾಕ್ಕ ಬರೋರು ಯಾರು, ನೀವೂ ಜರಾ ನೋಡಿಕೊಳ್ರಿ. ನಾಳಿ ನಿಮ್ಮ ಮನ್ಯಾಗೂ ಹಿಂಗೇ ಆಗಬಾರದು."

ಅಷ್ಟು ಹೇಳಿ ಕೂತಳು. ಗೊಣಗಿದವನು ಬಾಗಿಲಾಚೆ ನಿಂತಿದ್ದ ತನ್ನ ಹೆಂಡತಿಯ ಕಡೆ ನೋಡಿದ. ಅವಳೂ ಅವನನ್ನು ನೋಡಿದಳು. ಕಾಕಾ ಗಾಡಿ ಬಿಡುವ ಮಾತು ಅಲ್ಲಿಗೇ ನಿಂತಿತು.

ಪ್ರತಿ ಮನೆಯಿಂದ ಮಾದರಿ ಹೋಯಿತು. ವರದಿಗಾಗಿ ಕಾದ ದಿನಗಳು ಬಹಳ ಉದ್ದ. ಹೊಲದಲ್ಲಿ ಬೆಂಡೆ ಬಲಿಯುತ್ತಿತ್ತು, ಅದೇನು ವರದಿಗೆ ಕಾಯುತ್ತದೆಯೇ. ಕಾಕಾ ಗಾಡಿ ನಿಲ್ಲಿಸಲಿಲ್ಲ. ಅದೇ ಹೊತ್ತಿಗೆ ಹೊರಟು, ಅದೇ ಸ್ಟಾಪುಗಳಲ್ಲಿ ನಿಂತು, ಎಲ್ಲರ ಕ್ರೇಟನ್ನೂ ಕಲ್ಯಾಣದ ಪ್ಯಾಟಿಗೆ ಮುಟ್ಟಿಸಿದರು. ತಮ್ಮ ಹೊಲದ ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಆ ದಿನಗಳಲ್ಲೇ ಸಂಘದ ಶೆಡ್ಡಿನ ಗೋಡೆಗೆ ಸುಣ್ಣ ಹೊಡೆಸಿ, ಯಾವ ತೂತು ಯಾರ ಮನೆ ಎಂಬುದನ್ನು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದರು. "ಒಬ್ಬನ ತಲ್ಯಾಗ ಇಡಬಾರದಿತ್ತು ಇದನ್ನ. ಆ ದಿನಾ ನನ್ನ ಮನಸ್ಸು ಒಂದ ಗಳಿಗಿ ಬ್ಯಾರೆ ಆಗಿತ್ತು ಯವ್ವಾ, ನಿಂಗ ಹೇಳಲಿಲ್ಲ" ಎಂದರು. ಫೋಟೋ ದೊಡ್ಡದು ಮಾಡಿಸಿಕೊಂಡು ಅಷ್ಟು ಹೊತ್ತು ಯಾಕೆ ನೋಡಿದರೆಂದು ನನಗೆ ಆಗ ಗೊತ್ತಾಯಿತು. ನನ್ನ ಮನಸ್ಸಿನ ಭಾರ ಅರ್ಧ ಇಳಿದದ್ದೂ ಆಗಲೇ.

ವರದಿ ಬಂದ ದಿನ ಸಾಹೇಬರು ಮೊದಲು ನನಗೆ ಫೋನು ಮಾಡಿದರು. ಮೂವತ್ತೊಂಬತ್ತೂ ಚೊಕ್ಕ. ಅಷ್ಟೇ ಅಲ್ಲ, ತಪ್ಪು ಎಲ್ಲಿ ಆಯಿತೆಂದು ಒಂದೇ ದಿನದಲ್ಲಿ ಹೇಳಿದವರು ನೀವೇ ಮೊದಲು, ಈ ತೂತಿನ ಚೀಟಿಯನ್ನು ಬೇರೆ ಕೇಂದ್ರದವರಿಗೂ ತೋರಿಸಬೇಕು ಎಂದರು. ನಾನು ಕಾಕಾಗೆ ಫೋನು ಹಚ್ಚಿದೆ. ಅವರು ಮುಡಬಿಯ ಬಸ್ ಸ್ಟ್ಯಾಂಡಿನಲ್ಲಿದ್ದರು, ಹಿಂದೆ ಟಮಟಮ್‌ಗಳ ಗದ್ದಲ.

"ಎಲ್ಲಾ ಪಾಸ್ ಕಾಕಾ. ಎಲ್ಲರೂ ಪಾಸ್. ನಾಳೆಯಿಂದ ಮಾಲು ಕಳಿಸಬೇಕಂತೆ."

"ಹ್ಞಾಂ" ಅಂದರು. ಮತ್ತೊಂದು "ಹ್ಞಾಂ." ಆಮೇಲೆ ಫೋನು ಕೈಯಲ್ಲೇ ಹಿಡಿದು ಅಲ್ಲಿಯ ನಳದ ಕೆಳಗೆ ತಲೆಯೊಡ್ಡಿ ನಿಂತರಂತೆ, ಖಾಕಿ ಅಂಗಿಯೆಲ್ಲ ತೊಯ್ದಿತ್ತಂತೆ. ಶಕೀಲಾಬಿ ಹೋಗಿ ಏನಾತು ಅಂದರೆ "ಏನೂ ಇಲ್ಲ, ಸೆಕಿ" ಅಂದರಂತೆ. ಆಕೆ ಹೇಳುವಾಗ ಅವತ್ತು ಮೋಡ ಮುಸುಕಿದ ದಿನ ಎಂಬುದನ್ನು ಸೇರಿಸುವುದು ಮರೆಯುವುದಿಲ್ಲ.

ಅವರ ಹೊಲವನ್ನು ಒಂದೆರಡು ವಾರದಲ್ಲಿ ಮತ್ತೆ ಸೇರಿಸಿಕೊಳ್ಳಬಹುದು ಎಂದು ಸಾಹೇಬರೇ ಹೇಳಿದ್ದರು. ಕಾಕಾ ಒಪ್ಪಲಿಲ್ಲ, ಒಂದು ಹಂಗಾಮು ಪೂರ್ತಿ ಹೊರಗಿದ್ದರು. ಬೇರೆ ಯಾರ ತಪ್ಪಾಗಿದ್ದರೂ ಅಷ್ಟೇ ಶಿಕ್ಷೆ ಹಾಕುತ್ತಿದ್ದೆ ಎಂಬುದು ಅವರ ಲೆಕ್ಕಾಚಾರ. ಆ ಹಂಗಾಮು ಮುಗಿದು, ಮಾದರಿ ಪಾಸಾಗಿ, ಮೊದಲ ಕ್ರೇಟ್ ಬೆಂಡೆಕಾಯಿ ಬಂದ ದಿನ ಕಾಕು ತಾನೇ ಪಿಕಪ್ಪಿನಲ್ಲಿ ಕೂತು ಹುಮನಾಬಾದಿಗೆ ಬಂದಳು. ತನ್ನೆದುರೇ ಆರಿಸಬೇಕು ಎಂದು ಆಕೆಯೇ ಹಟ ಹಿಡಿದಳು, ನಾನು ನೋಡಿ ಏಳು ಕಾಯಿ ತೆಗೆದೆ. "ಇದು ಯಾಕ ಬ್ಯಾಡ? ಇದು ಯಾಕ?" ಎಂದು ಆಕೆ ಒಂದೊಂದಕ್ಕೂ ಜಗಳ ತೆಗೆದಳು. ಕಾಕಾ ಮಾತ್ರ ದೂರ ನಿಂತು, ಬಾರದ ಲಾರಿಯ ದಾರಿ ನೋಡುತ್ತಿದ್ದರು. ಕೊನೆಗೆ ಎರಡನ್ನು ನಾನು ವಾಪಸು ತೆಗೆದುಕೊಂಡೆ. ಆ ಎರಡು ನಿಜಕ್ಕೂ ನೆಟ್ಟಗೇ ಇದ್ದವು.

ಅದಾಗಿ ಎರಡು ವರ್ಷಕ್ಕೆ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಬರುವ ದಿನ ಕಾಕಾ ನನಗೆ ಬುದ್ಧಿಮಾತೇನೂ ಹೇಳಲಿಲ್ಲ, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೊಟ್ಟರು.

ಶಕೀಲಾಬಿಯ ಫೋನು ಬಂದ ವಾರವೇ ರಜೆ ಹಾಕಿ ಹೋದೆ. ಹುಮನಾಬಾದಿನಲ್ಲಿ ಇಳಿದು, ಕಲ್ಯಾಣಕ್ಕೆ ಬಂದು, ಮುಂಜಾನೆಯ ಬಸ್ಸು ಹಿಡಿದು ಕೊಹಿನೂರ ಮುಟ್ಟುವ ಹೊತ್ತಿಗೆ ಬಿಸಿಲು ಚೆನ್ನಾಗಿ ಏರಿತ್ತು. ದಾರಿಯಲ್ಲಿ ಪಿಕಪ್ ಎದುರಾಯಿತು. ಮುಂದಿನ ಸೀಟಿನಲ್ಲಿ ಶಕೀಲಾಬಿ, ಕೈಯೆತ್ತಿದಳು, ಗಾಡಿ ನಿಲ್ಲಿಸಲಿಲ್ಲ.

ಕಾಕು ಅಂಗಳದಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು, ಆದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅಂದಳು. ಪಡಸಾಲೆಯ ಕಡೆ ಕಣ್ಣು ತೋರಿಸಿದಳು. ಚಾಪೆಯ ಮೇಲೆ ಕಾಕಾ ಒಂದು ಮಗ್ಗುಲಾಗಿ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ.

"ಇಷ್ಟೊತ್ತಾದರೂ ಎದ್ದಿಲ್ಲೇನು?" ಎಂದು ಪಿಸುಗುಟ್ಟಿದೆ.

"ಮೊದಲನೇ ಎರಡ್ ದಿನಾ ನಸುಕಿನ್ಯಾಗ ಎದ್ದು ಕುಂದ್ರತಿದ್ರು. ಗಾಡಿ ಸಪ್ಪಳಾ ಆದ್ರ ಬಾಗಿಲತನಾ ಹೋಗ್ತಿದ್ರು. ನಿನ್ನಿಯಿಂದ ಇಲ್ಲ. ಇವತ್ತ ಗಾಡಿ ನಮ್ಮ ಬಾಗಿಲ ಮುಂದೇ ನಿಂತು ಹೋತು, ಅವರಿಗಿ ಗೊತ್ತೇ ಆಗಿಲ್ಲ." ಕಾಕುವಿನ ದನಿಯಲ್ಲಿ ಹೆಮ್ಮೆಯಿತ್ತು. "ಎಬ್ಬಸಲೇನು? ನೀ ಅಷ್ಟ ದೂರದಿಂದ ಬಂದೀದಿ."

"ಬ್ಯಾಡ ಕಾಕು" ಅಂದೆ. ಮೊರದ ಇನ್ನೊಂದು ಬದಿಗೆ ಕೂತು ನಾನೂ ಚವಳಿಕಾಯಿ ಸೋಸತೊಡಗಿದೆ. ಕಾಕು ಹೊಲದ ಮಾತು ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಇಬ್ಬರೂ ದನಿ ತಗ್ಗಿಸಿಕೊಂಡೇ ಇದ್ದೆವು.